ಜನ ಅಲ್ಲಿಗೆ ಏಕೆ ಹೋದರು?

2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣಸೌಧದಲ್ಲಿ ಸೇರಿದ ವಿಧಾನಸಭೆಯು ಮತಾಂತರ ತಡೆಯ ಮಸೂದೆಯನ್ನು ಅಂಗೀಕರಿಸಿತು. ಆಗ ಗೋಕಾಕದ ಚಹಾದಂಗಡಿಯಲ್ಲಿಯೂ ಮೂಡಲಗಿಯ ಸಂತೆಯಲ್ಲಿಯೂ ಒಂದೇ ಮಾತು: ದುಡ್ಡು ಕೊಟ್ಟು ಮತಕ್ಕೆ ಸೇರಿಸುತ್ತಾರೆ! 2023ರ ಜೂನಿನಲ್ಲಿ ಹೊಸ ಸಂಪುಟ ಆ ಕಾನೂನನ್ನು ರದ್ದುಮಾಡಲು ನಿರ್ಧರಿಸಿದರೂ ಆ ಮಾತು ನಿಂತಿಲ್ಲ. ನಾವು ಆ ಕಾನೂನಿನ ವಿರೋಧಿಗಳು. ಯಾವ ದೇವರಿಗೆ ಕೈಮುಗಿಯಬೇಕೆಂದು ಒಬ್ಬ ಕೂಲಿಕಾರ ತಿಂಗಳು ಮೊದಲೇ ಜಿಲ್ಲಾ ಕಚೇರಿಗೆ ಬರೆದುಕೊಡಬೇಕೆಂಬುದು ಸಂವಿಧಾನಕ್ಕೆ ಮಾಡುವ ಅವಮಾನ.

ಆದರೆ ದೊಡ್ಡ ಚರ್ಚು ಹೇಗೆ ಬೆಳೆಯುತ್ತದೆಂಬುದನ್ನು ದುಡಿಯುವವರು ತಿಳಿಯಬೇಕು. ಸಾವಿರಾರು ಜನ ಕೂಡುವ ಪೆಂಟೆಕೊಸ್ಟಲ್ ಚರ್ಚುಗಳು ಬೆಂಗಳೂರಿನಲ್ಲಿಯೂ ಇವೆ. ಅಂಥವುಗಳಲ್ಲಿ ಜಗತ್ತಿನಲ್ಲೇ ದೊಡ್ಡದೆನಿಸಿದ್ದು ದಕ್ಷಿಣ ಕೊರಿಯಾದ ಸೋಲ್ ನಗರದ ಯೊಯಿಡೊ ಚರ್ಚು. ಅದರ ಕಥೆಯನ್ನೇ ನೋಡೋಣ.

1958ರಲ್ಲಿ, ಯುದ್ಧದಿಂದ ಹಾಳಾದ ಆ ನಗರದ ಬಡವರ ಕೇರಿಯಲ್ಲಿ, ಒಂದು ಹಳೆಯ ಗುಡಾರದಲ್ಲಿ ಅದು ಆರಂಭವಾಯಿತು. ಚೋ ಯೊಂಗ್‌ಗಿ ಎಂಬ ಕ್ಷಯರೋಗದಿಂದ ಎದ್ದ ತರುಣ, ಚೋಯ್ ಜಾಶಿಲ್ ಎಂಬ ಹೆಂಗಸು, ಕೇಳುವವರು ಬೆರಳೆಣಿಕೆಯಷ್ಟು. 1964ರಲ್ಲಿ ಚೋ ದಣಿದು ಕುಸಿದಾಗ ಊರನ್ನೇ ಸಣ್ಣ ಸಣ್ಣ ಮನೆಗುಂಪುಗಳಾಗಿ ಹಂಚಿದರು. ಗಂಡಸರು ಹಿಂಜರಿದರು, ಹೆಂಗಸರು ಮುಂದೆ ಬಂದರು. ಹಳ್ಳಿ ಬಿಟ್ಟು ಕಾರಖಾನೆಗೆ ಬಂದವರಿಗೆ ಹೊಸ ಊರಿನಲ್ಲಿ ಹೆಸರು ಹಿಡಿದು ಕರೆಯುವವರು ಸಿಕ್ಕರು. ಜ್ವರ ಬಂದರೆ ಬಾಗಿಲಿಗೆ ಬರುವವರು ಸಿಕ್ಕರು. 1979ಕ್ಕೆ ಸದಸ್ಯರು ಒಂದು ಲಕ್ಷ. 1990ರ ದಶಕದ ಮೊದಲಲ್ಲಿ, ಅವರದೇ ಎಣಿಕೆಯಂತೆ, 7 ಲಕ್ಷ. ಇಷ್ಟೆಲ್ಲ ಜನ ದುಡ್ಡು ಪಡೆದು ಸೇರಿದರೆಂದರೆ ನಂಬುವುದು ಕಷ್ಟ. ದುಡ್ಡು ಹರಿದದ್ದು ಜನರಿಂದ ಚರ್ಚಿಗೆ.

ಅದೇ ನಗರದಲ್ಲಿ 1970ರ ನವೆಂಬರಿನಲ್ಲಿ ಜಿಯೊನ್ ತೇಇಲ್ ಎಂಬ 22 ವರ್ಷದ ಹೊಲಿಗೆ ಕಾರ್ಮಿಕ, ಕಾರ್ಮಿಕ ಕಾನೂನನ್ನು ಪಾಲಿಸಿರೆಂದು ಕೂಗಿ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಸಂಘ ಕಟ್ಟಿದವರಿಗೆ ಸರ್ವಾಧಿಕಾರದ ಲಾಠಿ ಕಾದಿತ್ತು. ಪ್ರಾರ್ಥನೆಯಿಂದ ಆರೋಗ್ಯ, ಸಿರಿ ಎರಡೂ ಬರುವವೆಂಬ ಉಪದೇಶಕ್ಕೆ ಅಡ್ಡಿಯಿರಲಿಲ್ಲ. (ಗಿರಣಿಯ ಹುಡುಗಿಯರ ಪಕ್ಷ ವಹಿಸಿ ಜೈಲು ಕಂಡ ಪಾದ್ರಿಗಳೂ ಅಲ್ಲಿದ್ದರು. ಅವರನ್ನು ಮರೆಯಕೂಡದು.)

ಕೊನೆಗೆ ಏನಾಯಿತು? ಮಗನ ಕೈಯಲ್ಲಿದ್ದ ಶೇರುಗಳನ್ನು ವಿಪರೀತ ಬೆಲೆಗೆ ಚರ್ಚಿನಿಂದ ಕೊಳ್ಳಿಸಿದ್ದಕ್ಕೆ 2014ರಲ್ಲಿ ನ್ಯಾಯಾಲಯ ಚೋ ಅವರನ್ನು ದೋಷಿಯೆಂದಿತು. ನಷ್ಟ ಸುಮಾರು 1,300 ಕೋಟಿ ವಾನ್. ಶಿಕ್ಷೆ ಅಮಾನತ್ತಿನಲ್ಲಿತ್ತು, 2021ರಲ್ಲಿ ಅವರು ತೀರಿಕೊಂಡರು. ಆ ಹಣ ಗಿರಣಿಯವರ, ಸಣ್ಣ ಅಂಗಡಿಕಾರರ ಪಗಾರ-ಲಾಭದ ದಶಾಂಶ. ನಮ್ಮ ಹುಕ್ಕೇರಿಯಲ್ಲಿ 1969ರಿಂದ ಕರೆಂಟು ಹಂಚುವ ಸಹಕಾರಿ ಸಂಘವಿದೆ; ಅದರ ಸದಸ್ಯ ವಾರ್ಷಿಕ ಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳಬಹುದು. ಚರ್ಚಿರಲಿ, ಮಠವಿರಲಿ, ಜಾತ್ರಾ ಕಮಿಟಿಯಿರಲಿ, ವರ್ಗಣಿ ಕೊಟ್ಟವನಿಗೆ ಆ ಹಕ್ಕು ಇರಲೇಬೇಕು.

ಇನ್ನು ನಮ್ಮ ಪಕ್ಷದ ಮಾತು. ರಾತ್ರಿಪಾಳಿ ಮುಗಿಸಿ ಬಂದವನ ಹೆಂಡತಿ ದವಾಖಾನೆಯಲ್ಲಿದ್ದಾಗ ನಮ್ಮವರು ಯಾರು ಹೋಗಿದ್ದರು? ಚಂದಾ ಕೇಳಲು ಮಾತ್ರ ತಪ್ಪದೆ ಹೋಗುತ್ತೇವೆ. ಮೂರೂ ಊರುಗಳ ಶಾಖೆಗಳ ಪದಾಧಿಕಾರಿಗಳ ಪಟ್ಟಿ ನಮ್ಮ ಮುಂದಿದೆ. ಅದರಲ್ಲಿ ಹೆಂಗಸರ ಹೆಸರು ಒಂದೂ ಇಲ್ಲ.