ಸಂತೆ ದುಡ್ಡಿನ ಬಲ ಎಷ್ಟು?

ಅಮೆರಿಕದ ಮಾಂಟ್‌ಗೊಮರಿಯಲ್ಲಿ 1955ರ ಡಿಸೆಂಬರ್‌ನಿಂದ 381 ದಿನ ಕಪ್ಪು ಜನ ಬಸ್ಸಿನೊಳಗಿನ ಭೇದವನ್ನು ವಿರೋಧಿಸಿ ಸಿಟಿ ಬಸ್ ಹತ್ತಲಿಲ್ಲ. ಬಸ್ಸಿಗೆ ಕಾಸು ಕೊಡುತ್ತಿದ್ದವರಲ್ಲಿ ಬಹುಪಾಲು ಅವರೇ; ಕಂಪನಿಯ ಗಲ್ಲಾಪೆಟ್ಟಿಗೆ ಸೊರಗಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ದಲಿತರು, ತಾಂಡಾದವರು ತಮ್ಮನ್ನು ಕೀಳಾಗಿ ಕಾಣುವ ಹೋಟೆಲಿಗೂ ಕಿರಾಣಿ ಅಂಗಡಿಗೂ ಹೀಗೆಯೇ ಬೆನ್ನು ತಿರುಗಿಸಿದರೆ?

ಆಗಬಹುದು ಎನ್ನಲು ಕಾರಣವಿದೆ. ಕೂಲಿ ಈಗ ಕಾಳಿನಲ್ಲಲ್ಲ, ನಗದಿನಲ್ಲಿ ಬರುತ್ತದೆ. ಚನ್ನಗಿರಿಯ ತೋಟಗಳಲ್ಲಿ ಅಡಿಕೆ ಕೊಯ್ದವರ, ಸುಲಿದವರ ದುಡ್ಡು ಸೋಪು, ಎಣ್ಣೆ, ಮೊಬೈಲ್ ರೀಚಾರ್ಜ್, ಮದುವೆ ಬಟ್ಟೆ ಎಂದು ಮತ್ತೆ ಪೇಟೆಗೇ ಸೇರುತ್ತದೆ. ನ್ಯಾಮತಿ ತಾಲ್ಲೂಕಿನ ಸುರಗೊಂಡನಕೊಪ್ಪಕ್ಕೆ ಸೇವಾಲಾಲ್ ಜಾತ್ರೆಗೆ ಬಂಜಾರರು ಬಂದಾಗ ಯಾವ ವ್ಯಾಪಾರಿಯೂ ಗಿರಾಕಿಯ ಜಾತಿ ಕೇಳಿ ತಕ್ಕಡಿ ಹಿಡಿಯುವುದಿಲ್ಲ.

ಆದರೆ ಜಗಳೂರಿನ ಕಡೆ ಬನ್ನಿ. ಮಳೆ ನಂಬಿದ ಹೊಲ, ಮೆಕ್ಕೆಜೋಳ ಕೈಕೊಟ್ಟರೆ ಉದ್ರಿಯೇ ಗತಿ. ಉದ್ರಿ ಪುಸ್ತಕದಲ್ಲಿ ಹೆಸರಿರುವವನು ಆ ಅಂಗಡಿ ಬಿಡುವುದು ಹೇಗೆ? ಬಹಿಷ್ಕಾರವೆಂಬ ಅಸ್ತ್ರ ಹಳ್ಳಿಯಲ್ಲಿ ಯಾವತ್ತೂ ಉಳ್ಳವರ ಕೈಯಲ್ಲೇ ಇದ್ದದ್ದು. ಅಂಬೇಡ್ಕರ್ ಸದಸ್ಯರಾಗಿದ್ದ ಮುಂಬಯಿ ಸರ್ಕಾರದ ಸ್ಟಾರ್ಟೆ ಸಮಿತಿ 1930ರಲ್ಲೇ ಬರೆದಿತ್ತು: ಹಕ್ಕು ಕೇಳಿದವರಿಗೆ ದಿನಸಿ ಮಾರದಂತೆ ಅಂಗಡಿಯವನ ಮೇಲೆ ಊರ ಬಲಿಷ್ಠರು ಒತ್ತಡ ಹಾಕುತ್ತಾರೆ ಎಂದು. ದಲಿತರ ಮೇಲೆ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದು 2015ರ ತಿದ್ದುಪಡಿಯಿಂದ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ದಲಿತರೇ ಒಂದು ಅಂಗಡಿ ಬಿಟ್ಟರೆ ಈ ಕಾಯ್ದೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಸಾಲ.

ಇನ್ನೊಂದು ತಕರಾರು ನನಗೆ ಹೆಚ್ಚು ತೂಕದ್ದು. ಗಿರಾಕಿಯಾದ್ದರಿಂದ ಮರ್ಯಾದೆ ಸಿಕ್ಕರೆ, ಜೇಬು ಖಾಲಿ ಇರುವ ಮುದುಕಿಗೆ ಅದನ್ನು ಯಾರು ಕೊಡುತ್ತಾರೆ? ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಭೂಮಿ ಕೇಳಿತು, ಸ್ವಾಭಿಮಾನ ಕೇಳಿತು. ಕೊಳ್ಳುವ ಶಕ್ತಿಗೂ ಬುಡದಲ್ಲಿ ನೆಲ ಬೇಕು.

ಹಾಗೆಂದು ಕೈಲಿರುವ ಕಾಸನ್ನು ತಳ್ಳಿಹಾಕಲಾರೆ. ಮಾಂಟ್‌ಗೊಮರಿಯಲ್ಲೂ ಕೊನೆಗೆ ಬಸ್ಸಿನೊಳಗಿನ ಭೇದವನ್ನು ರದ್ದು ಮಾಡಿದ್ದು ಸುಪ್ರೀಂ ಕೋರ್ಟು. ಆ ತೀರ್ಪಿನವರೆಗೆ ಜನ ತಾಳಿಕೊಂಡದ್ದು ತಾವೇ ಹೊಂದಿಸಿಕೊಂಡ ಕಾರುಗಳಿಂದ, ಕಾಲ್ನಡಿಗೆಯಿಂದ. ಬದಲಿ ಇದ್ದಲ್ಲಿ ಬಹಿಷ್ಕಾರ ಗಟ್ಟಿಯಾಗಿ ನಿಲ್ಲುತ್ತದೆ. ಹತ್ತು ಹೋಟೆಲಿರುವ ಹೊನ್ನಾಳಿ ಪೇಟೆಯಲ್ಲಿ ಅವಮಾನಿಸಿದ ಒಂದನ್ನು ಬಿಡುವುದು ಇವತ್ತೇ ಸಾಧ್ಯ. ಒಂದೇ ಅಂಗಡಿಯ ಹಳ್ಳಿಯಲ್ಲಿ ಮೊದಲು ಮಹಿಳಾ ಸಂಘದ ಸಾಲದಿಂದ ಉದ್ರಿ ತೀರಬೇಕು, ದಿನಸಿ ಪೇಟೆಯಿಂದ ಒಟ್ಟಾಗಿ ತರಿಸುವ ಏರ್ಪಾಡಾಗಬೇಕು. ಅಷ್ಟಾಗುವ ಮೊದಲೇ ಅಲ್ಲಿನ ದಲಿತರಿಂದ ಬಹಿಷ್ಕಾರ ಕೇಳುವುದು ಪೇಟೆಯಲ್ಲಿ ಕೂತವರಿಗೆ ಸುಲಭ.