ಬಿಡಾರದ ಬೆಳಕಿಗೆ ಬ್ಯಾಟರಿಯೇ ಸಾಕು

ಚಳಿಗಾಲ ಬಂದೊಡನೆ ಗುದೈಬಿಯಾದ ನಮ್ಮ ಕುಟುಂಬಗಳೂ ಸಖೀರ್ ಮರುಭೂಮಿಯಲ್ಲಿ ಬಿಡಾರ ಹೂಡುತ್ತವೆ. ಜನರೇಟರ್ ಇಲ್ಲದೆ ಅಲ್ಲಿ ರಾತ್ರಿ ಕಳೆಯಲಾಗದೆಂಬ ವಾದವನ್ನು ನಾವು ಒಪ್ಪುವುದಿಲ್ಲ.

ಲೆಕ್ಕ ನೋಡೋಣ. 12 ವೋಲ್ಟ್, 100 ಆಂಪಿಯರ್-ಅವರ್ ಸಾಮರ್ಥ್ಯದ ಸೀಸ-ಆಮ್ಲ ಬ್ಯಾಟರಿಯಲ್ಲಿ 1,200 ವ್ಯಾಟ್-ಅವರ್ ಶಕ್ತಿಯಿದೆ. ಬಾಳಿಕೆಯ ದೃಷ್ಟಿಯಿಂದ ಅರ್ಧವನ್ನಷ್ಟೇ ಬಳಸಿದರೂ 600 ದೊರೆಯುತ್ತದೆ. 5 ವ್ಯಾಟಿನ ನಾಲ್ಕು ಎಲ್‌ಇಡಿ ದೀಪಗಳು ಆರು ಗಂಟೆ ಉರಿದರೆ 120. ಐದು ಮೊಬೈಲುಗಳಿಗೆ ಸುಮಾರು 75. ಹಿರಿಯರೊಬ್ಬರ 40 ವ್ಯಾಟಿನ ಸಿಪ್ಯಾಪ್ ಯಂತ್ರಕ್ಕೆ ಎಂಟು ಗಂಟೆಗೆ 320. ಒಟ್ಟು 515. ಮಿಕ್ಕಿದ್ದು ಇನ್ವರ್ಟರಿನ ನಷ್ಟಕ್ಕೆ ಸಲ್ಲಲಿ. ಬ್ಯಾಟರಿಯನ್ನು ಬರಿದುಮಾಡುವುದು 2,000 ವ್ಯಾಟಿನ ಕೆಟಲ್. ಚಹಾ ಹೊರಗಿನ ಒಲೆಯ ಮೇಲೆ ಕಾಯಲಿ. ಕಾರಿನ ಬ್ಯಾಟರಿಯನ್ನು ಮಾತ್ರ ಮುಟ್ಟದಿರಿ. ನಡುರಾತ್ರಿ ಆಸ್ಪತ್ರೆಗೆ ಧಾವಿಸಬೇಕಾದರೆ ಅದೇ ಆಸರೆ.

ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆಗಳು ಎಚ್ಚರವಿದ್ದವರಿಗೆ ಮುನ್ಸೂಚನೆ. ಮಲಗಿದವರಿಗೆ ಅದೂ ಇಲ್ಲ. ದೂರವಿಟ್ಟಿದ್ದೇವೆ ಎನ್ನುವವರು ಮರುಭೂಮಿಯ ಗಾಳಿ ದಿಕ್ಕು ಬದಲಿಸುವುದನ್ನು ಮರೆಯುತ್ತಾರೆ. ಒಂದು ರಾತ್ರಿಯ ಹೆಚ್ಚುವರಿ ಬೆಳಕಿಗಾಗಿ ಮಕ್ಕಳ ಉಸಿರನ್ನು ಪಣಕ್ಕಿಡುವುದು ಯಾವ ಜಾಣತನ? ಈ ಸಲ ಜನರೇಟರನ್ನು ಮನೆಯಲ್ಲೇ ಬಿಟ್ಟು ಬನ್ನಿ.