ಸಿಂಹ ಬೇಡ, ಕೋಣ ಇರಲಿ
ಊರಿನ ಗುಂಪು ಪ್ರದರ್ಶನದಲ್ಲಿ ಪ್ರಾಣಿಚಿತ್ರ ಅಂದ್ರೆ ಸಿಂಹ, ಹುಲಿ, ಓಡೋ ಕುದುರೆ. ಅಚ್ಚುಚಿತ್ರ ಕಲಾವಿದರೂ ಇವನ್ನೇ ಆರಿಸಬೇಕೇ? ಬೇಡ ಅಂತೀವಿ ನಾವು.

ಜರ್ಮನಿಯ ಡ್ಯೂರರ್ 1515ರಲ್ಲಿ ಘೇಂಡಾಮೃಗವನ್ನು ಕಣ್ಣಾರೆ ಕಾಣದೆಯೇ ಮರದಚ್ಚಿಗೆ ಇಳಿಸಿದ. ಅದರ ಬೆನ್ನ ಮೇಲೆ ಇಲ್ಲದ ಕೊಂಬು ಮೂಡಿತು. ನಮಗೆ ಆ ಕಷ್ಟವಿಲ್ಲ. ರಾಯಚೂರು ಕೋಟೆಯಲ್ಲಿ 1294ರ ಶಾಸನದ ಹೆಬ್ಬಂಡೆ ಇದೆ. ಆ ಬಂಡೆಯನ್ನು ಬಂಡಿಯಲ್ಲಿ ಕೋಣಗಳು ಎಳೆಯುವ, ಜನ ಹಿಂದಿನಿಂದ ಗಾಲಿಗೆ ಸನ್ನೆಕೋಲು ಕೊಡುವ ರೇಖಾಚಿತ್ರವೂ ಅದೇ ಗೋಡೆಯಲ್ಲಿದೆ. ಎಂಜಿನಿಯರಿಂಗ್ ಓದುವ ನಾವೇ ಅದನ್ನು ನಿಂತು ನೋಡಲ್ಲ!

ಕೋಣ, ಎಮ್ಮೆ, ಕುರಿಗಳನ್ನೇ ಕೆತ್ತಲಿ. ಒಂದೇ ಲಿನೋ ಹಲಗೆಯಿಂದ ಹಲವು ಪ್ರತಿ ತೆಗೆದು ದೇವದುರ್ಗ, ಮಾನ್ವಿಯಲ್ಲೂ ತೂಗುಹಾಕಬಹುದು. ಸಿಂಹ ಹೇಗಿದ್ರೂ ಯಾರೂ ಕೇಳಲ್ಲ. ಕುರಿ ಕಾಯೋರು ಮಾತ್ರ "ಕಾಲು ತಪ್ಪೈತಿ" ಅಂತ ಹೇಳಿಯೇ ಹೇಳ್ತಾರೆ. ಅಂಥ ನೋಡುಗರು ಬರಲಿ.